ಏಳನೇ ಸಹಿ

ವಜೀಹ್ ಸರ್ಕಾರಿ ಲೈನ್‌ಮನ್ ಆಗಿ ಕಂಬ ಹತ್ತಿದ್ದು ಮೂವತ್ನಾಲ್ಕು ವರ್ಷ. ಅಲ್-ಮೀನಾ ಬಂದರಿನ ಯಾವ ಓಣಿಗೆ ಯಾವ ತಂತಿ ಎಲ್ಲಿಂದ ಬರುತ್ತೆ ಅನ್ನೋದು ಅವನಿಗೆ ಬಾಯಿಪಾಠ. ಲೆಬನಾನಿನ ಆ ದೊಡ್ಡ ಯುದ್ಧದ ಕಾಲದಲ್ಲಿ, ಊರಿಗೆ ಊರೇ ನೆಲಮಾಳಿಗೆಯಲ್ಲಿ ಅವಿತು ಕೂತಿದ್ದಾಗ, ಈ ಪುಣ್ಯಾತ್ಮ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಆಸ್ಪತ್ರೆಯ ಲೈನ್ ಜೋಡಿಸೋಕೆ ಹೋಗಿದ್ದ. ಸುಳ್ಳಲ್ಲ, ಕಣ್ಣಾರೆ ಕಂಡವರಿದ್ದಾರೆ. ಎಡಗೈಯ ಎರಡು ಬೆರಳು ಅವತ್ತಿನಿಂದ ಮಡಚೋದಿಲ್ಲ. ಸರ್ಕಾರವನ್ನು ಯಾರಾದರೂ ಬೈದರೆ ಸಾಕು, ತನ್ನ ಹೆತ್ತಪ್ಪನನ್ನೇ ಬೈದ ಹಾಗೆ ಮುಖ ಗಂಟಿಕ್ಕಿಕೊಂಡು ಆ ಬೆರಳು ತೋರಿಸುತ್ತಿದ್ದ.

ನಮ್ಮ ಕಡೆ ಮನೆಗೆ ಕರೆಂಟ್ ಬಂದರೆ ‘ಸರ್ಕಾರ ಬಂತು’ ಅಂತಾರೆ, ಹೋದರೆ ‘ಸರ್ಕಾರ ಹೋಯ್ತು’. ನಮ್ಮ ದುಡ್ಡು ಲೀರಾ ನೆಲಕಚ್ಚಿದ ಮೇಲೆ ಆ ಸರ್ಕಾರ ದಿನಕ್ಕೆ ಒಂದು ಗಂಟೆ ಬಂದರೆ ಹೆಚ್ಚು, ಅದೂ ಯಾವ ಹೊತ್ತಿಗೆ ಅಂತ ದೇವರಿಗೇ ಗೊತ್ತು. ಮಿಕ್ಕ ಹೊತ್ತಿಗೆ ಓಣಿಗೊಬ್ಬ ಜನರೇಟರ್ ಧಣಿ ಹುಟ್ಟಿಕೊಂಡು, ಮನೆಮನೆಗೆ ತಂತಿ ಎಳೆದು ಆಂಪಿಯರ್ ಲೆಕ್ಕದಲ್ಲಿ ಕರೆಂಟ್ ಮಾರತೊಡಗಿದ. ವಜೀಹನ ಓಣಿಯ ಧಣಿ ಅದ್ನಾನ್. ಇವನ ಅಪ್ಪ ಒಂದು ಕಾಲದಲ್ಲಿ ಸರ್ಕಾರಿ ತಂತಿಗೆ ಕೊಕ್ಕೆ ಹಾಕಿ ಕರೆಂಟ್ ಕದಿಯುತ್ತಿದ್ದ. ಆ ಕೊಕ್ಕೆಗಳನ್ನು ಕಿತ್ತು ಕಿತ್ತು ಬಿಸಾಡಿದವನು ವಜೀಹ್. ಹಾಗಾಗಿ ಕಟ್ಟಡದ ಏಳು ಮನೆಗಳಲ್ಲಿ ಆರು ಮನೆಯವರು ಅದ್ನಾನನ ತಂತಿ ತಗೊಂಡರೂ ಏಳನೇ ಮಹಡಿಯ ವಜೀಹ್ ಮಾತ್ರ, “ಆ ಕಳ್ಳನ ಮಗನ ತಂತಿ ನನ್ನ ಹೊಸಿಲು ದಾಟೋದಿಲ್ಲ” ಅಂದುಬಿಟ್ಟ. ಒಂದು ಸಣ್ಣ ಬ್ಯಾಟರಿ, ಎರಡು ಬಲ್ಬು. ಅಷ್ಟರಲ್ಲೇ ಗಂಡ ಹೆಂಡತಿ ಸಂಸಾರ ನಡೆಸಿದರು.

ಬರೀ ಬಲ್ಬಿನ ಮಾತಾಗಿದ್ದರೆ ನಾನು ಈ ಕತೆ ಹೇಳೋಕೇ ಕೂರುತ್ತಿರಲಿಲ್ಲ. ಇದು ಲಿಫ್ಟಿನ ಮಾತು. ಡೀಸೆಲ್ ಬೆಲೆ ಏರಿದಾಗ ಕಟ್ಟಡದವರೆಲ್ಲ ಸೇರಿ, ಅದ್ನಾನನ ಕರೆಂಟಿನಲ್ಲಿ ಲಿಫ್ಟ್ ಓಡಿಸೋದು ಇನ್ನು ಆಗದ ಮಾತು ಅಂತ ನಿಲ್ಲಿಸಿದರು. ಅದೇ ಚಳಿಗಾಲ ವಜೀಹನ ಹೆಂಡತಿ ನಜ್ಲಾ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಗಂಡಸರು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಐದನೇ ಮಹಡಿಯ ತಿರುವಿನಲ್ಲಿ ಕುರ್ಚಿ ವಾಲಿತು, ತಲೆವಸ್ತ್ರ ಜಾರಿತು, ಲಂಗ ಮೊಣಕಾಲಿಗೆ ಬಂತು. “ಸೋಫಾ ಆಗಿದ್ರೆ ಬಿಚ್ಚಿ ತರಬಹುದಿತ್ತು” ಅಂತ ಒಬ್ಬ ಕಿಸಕ್ಕನೆ ನಕ್ಕ. ನಜ್ಲಾ ತುಟಿ ಕಚ್ಚಿಕೊಂಡು ಮನೆ ಸೇರಿದಳು. ಇನ್ನು ಸತ್ತರೆ ಮಾತ್ರ ಹೊರಲಿ ಅಂದಳು.

ವಾಕರ್ ಹಿಡಿದು ನಡೆಯೋಕೆ ಶುರುಮಾಡಿದ ಮೇಲೆ ಒಂದು ಮಧ್ಯಾಹ್ನ ಸರ್ಕಾರ ಬಂತು ಅಂತ ಲಿಫ್ಟ್ ಹತ್ತಿದ್ದೂ ಉಂಟು. ನಾಲ್ಕನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಸರ್ಕಾರ ಹೋಯ್ತು. ಆ ಕತ್ತಲ ಡಬ್ಬಿಯಲ್ಲಿ ಒಂಟಿಯಾಗಿ ನಲವತ್ತು ನಿಮಿಷ ನಿಂತಳು ಪಾಪ. ವಜೀಹ್ ಛಾವಣಿಗೆ ಹೋಗಿ ಲಿಫ್ಟಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಮೇಲೆತ್ತಿದ. ಅಲ್ಲಿಗೆ ಮುಗೀತು. ಕೆಳಗೆ ನೂರಿಪ್ಪತ್ತಾರು ಮೆಟ್ಟಿಲು, ಮೇಲೆ ನಜ್ಲಾ.

ಮೂರು ಓಣಿ ಆಚೆ, ಮೀನು ಮಾರ್ಕೆಟ್ಟಿನ ಹಿಂದೆ, ನೆಲಮಹಡಿಯ ಮನೆಯಲ್ಲಿ ಅವಳ ಅಕ್ಕ ಇನ್ಸಾಫ್ ಇದ್ದಳು. ತಾಯಿ ಸತ್ತಾಗ ನಜ್ಲಾಗೆ ಆರು ವರ್ಷ. ಸಾಕಿದವಳು ಇನ್ಸಾಫ್, ಅದೇ ನೆಪದಲ್ಲಿ ಮದುವೆಯೂ ಆಗದೆ ಉಳಿದವಳು. ಈಗ ಅವಳ ಹೃದಯ ಸೋತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಪ್ರತಿ ಶುಕ್ರವಾರ ಬೆಳಿಗ್ಗೆ ಕೋಲೂರಿಕೊಂಡು ಬಂದು, ನಜ್ಲಾಳ ಬಾಲ್ಕನಿಯ ಕೆಳಗೆ ದಿನಸಿ ಅಂಗಡಿಯವನ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ನಜ್ಲಾ ಮೇಲಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸೋಳು. ಮೇಲಿಂದ ಬೇಳೆ-ಅನ್ನದ ಮುಜದ್ದರ ಇಳಿಯೋದು, ಕೆಳಗಿಂದ ಬದನೆ ಉಪ್ಪಿನಕಾಯಿ ಏರೋದು. ಒಬ್ಬರನ್ನೊಬ್ಬರು ನೋಡುತ್ತಲೇ ಫೋನಿನಲ್ಲಿ ಮಾತು.

“ಏನೇ, ಇವತ್ತು ಮುಖ ಊದಿಸ್ಕೊಂಡಿದ್ದೀಯ?”

“ಏಳು ಮಹಡಿ ಕೆಳಗಿಂದ ನಿಂಗೆ ನನ್ನ ಮುಖ ಕಾಣುತ್ತಾ ಅಕ್ಕ?”

“ಮುಖ ಎಲ್ಲಿ ಕಾಣುತ್ತೆ! ದನಿಯಲ್ಲೇ ಗೊತ್ತಾಗುತ್ತೆ. ಕೊಡು ಫೋನು, ಆ ನಿನ್ನ ಗಂಡನಿಗೆ.” ಆಮೇಲೆ ವಜೀಹನಿಗೆ: “ಏನಯ್ಯಾ ಲೈನ್‌ಮನ್ ಸಾಹೇಬಾ, ಊರಿಗೆಲ್ಲ ಬೆಳಕು ಕೊಟ್ಟೆಯಂತೆ, ನನ್ನ ತಂಗೀನ ಕೆಳಗಿಳಿಸೋಕೆ ನಿನ್ನ ಕೈಲಾಗಲಿಲ್ವಲ್ಲೋ.”

“ಮುಂದಿನ ತಿಂಗಳು ಸರಿಹೋಗುತ್ತೆ ಅಕ್ಕ. ಆಫೀಸಿನವರೇ ಹೇಳಿದಾರೆ.”

“ನಿನ್ನ ಹತ್ರ ತಿಂಗಳು ಬೇಕಾದಷ್ಟಿವೆ. ನನ್ನ ಹತ್ರ ಇಲ್ಲ ಕಣಪ್ಪಾ.” ಅಂತ ನಗೋಳು.

2022ರ ರಮಝಾನಿನಲ್ಲಿ ಎರಡನೇ ಮಹಡಿಯ ಲಮ್ಯಾ ಎಲ್ಲರನ್ನೂ ಉಪವಾಸ ಮುರಿಯೋಕೆ ಕರೆದಳು. ಔಷಧಿ ಅಂಗಡಿಯವಳು, ಕಟ್ಟಡದ ಆಗುಹೋಗು ನೋಡಿಕೊಳ್ಳೋಳೂ ಅವಳೇ. ಊಟ ಆದಮೇಲೆ ಅವಳ ಅಕ್ಕನ ಮಗ ಜಾದ್ ಅನ್ನೋ ಇಂಜಿನಿಯರ್ ಮೇಜಿನ ಮೇಲೆ ನಕ್ಷೆ ಹರಡಿದ. ಆಗ ಊರೆಲ್ಲ ಸೌರ ಫಲಕದ ಹುಚ್ಚು. ದಾರಿ ಮೂರಿವೆ ಅಂದ ಜಾದ್. ಅವರವರ ಪಾಡಿಗೆ ಅವರವರು ಫಲಕ ಹಾಕಿಸಿಕೊಳ್ಳಬಹುದು. ಇಲ್ಲವಾದರೆ ಅದ್ನಾನ್ ತನ್ನ ಗ್ಯಾರೇಜಿನ ಮೇಲೆ ಫಲಕ ಹಾಕಿದ್ದಾನೆ, ಹಗಲು ಬಿಸಿಲಿನ ಕರೆಂಟ್ ಮಾರುತ್ತಾನೆ, ಅವನ ಪ್ಲಾನ್ ತಗೊಳ್ಳಬಹುದು. ಅದೂ ಬೇಡವಾದರೆ ಏಳು ಮನೆಯೂ ಕೂಡಿ ಇಡೀ ಛಾವಣಿಗೆ ಒಂದೇ ವ್ಯವಸ್ಥೆ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಲಿಫ್ಟ್, ನೀರಿನ ಪಂಪು, ಮೆಟ್ಟಿಲಿಗೆ ದೀಪ, ಮನೆಗಿಷ್ಟು ಅಂತ ಫ್ರಿಜ್ಜಿಗೂ ಫ್ಯಾನಿಗೂ ಸಾಲೋವಷ್ಟು.

“ಛಾವಣಿ ಏಳೂ ಜನರದ್ದು. ಏಳೂ ಸಹಿ ಬೇಕು. ವ್ಯಾಪಾರಿ ಈದ್ ತನಕ ನಮಗೋಸ್ಕರ ಫಲಕ ಎತ್ತಿಟ್ಟಿರ್ತಾನೆ, ಆಮೇಲೆ ಕೇಳ್ಬೇಡಿ ಅಂದಿದಾನೆ” ಅಂದಳು ಲಮ್ಯಾ.

ಆರು ಜನ ಅಲ್ಲೇ ಸಹಿ ಹಾಕಿದರು. ಕಾಗದ ವಜೀಹನ ಮುಂದೆ ಬಂತು. ನಾಲ್ಕನೇ ಮಹಡಿಯ ಮೇಷ್ಟ್ರು ರಾತಿಬ್, “ಅಬೂ ಸುಹೇರ್, ನೀವು ಕಸುಬಿನವರು, ಒಂದ್ಸಲ ಕಣ್ಣಾಡಿಸಿಬಿಡಿ” ಅಂದರು. ಝಹ್ಲೆ ಊರಿಗೆ ಮದುವೆಯಾಗಿ ಹೋದ ಒಬ್ಬಳೇ ಮಗಳು ಸುಹೇರಳ ಹೆಸರಲ್ಲಿ ಅವನನ್ನು ಎಲ್ಲರೂ ಕರೆಯೋದು ಹಾಗೆ, ಸುಹೇರಳ ಅಪ್ಪ ಅಂತ; ನಜ್ಲಾ ಉಮ್ಮ್ ಸುಹೇರ್, ಸುಹೇರಳ ಅಮ್ಮ. ವಜೀಹನಿಗೆ ಒಳಗೊಳಗೇ ಖುಷಿಯೋ ಖುಷಿ. ರಿಟೈರ್ ಆದಮೇಲೆ ಒಬ್ಬ ನರಪಿಳ್ಳೆಯೂ ಅವನನ್ನು ಕರೆಂಟಿನ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಕನ್ನಡಕ ಏರಿಸಿದ, ನಕ್ಷೆಯ ಮೇಲೆ ಆ ಮಡಚದ ಬೆರಳು ಓಡಿಸಿದ, ಗಂಟಲು ಸರಿಮಾಡಿಕೊಂಡ.

“ಅರ್ಥಿಂಗ್ ಎಲ್ಲಪ್ಪಾ?”

“ಅದೆಲ್ಲ ಆಮೇಲೆ ನೋಡೋಣ ಚಿಕ್ಕಪ್ಪ” ಅಂದ ಜಾದ್. “ಇದು ಕಂಬ ಹತ್ತೋ ಕೆಲಸ ಅಲ್ಲ. ಈಗ ಎಲ್ಲ ಬೇರೆ.”

ಯಾರೋ ನಕ್ಕರು. ದೊಡ್ಡ ನಗುವೇನಲ್ಲ, ಕಾಫಿ ಬಟ್ಟಲಿನೊಳಗೆ ನಕ್ಕ ನಗು. ವಜೀಹ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. “ತಂತಿ ತೆಳು. ಬ್ಯಾಟರಿಗಳನ್ನ ನೆಲಮಾಳಿಗೇಲಿ ಇಡ್ತೀರಿ, ಅರ್ಥಿಂಗ್ ಇಲ್ಲ. ಯೋಚನೆ ಮಾಡಿ ಹೇಳ್ತೀನಿ” ಅಂತ ಎದ್ದುಬಂದ.

ನ್ಯಾಯವಾಗಿ ಹೇಳಬೇಕು: ಅರ್ಥಿಂಗ್ ವಿಷಯದಲ್ಲಿ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಜಾದನೂ ಒಳ್ಳೆಯ ಹುಡುಗನೇ. ಮೂರನೇ ದಿನ ನಕ್ಷೆ ತಿದ್ದಿ, ಅರ್ಥಿಂಗ್ ಸೇರಿಸಿ, ತಂತಿ ದಪ್ಪ ಮಾಡಿ, ಬ್ಯಾಟರಿಗಳನ್ನು ಮೇಲೆ ತಂದು, ಏಳು ಮಹಡಿ ಹತ್ತಿ ಬಂದು ಕೊಟ್ಟ. “ತಪ್ಪಾಯ್ತು ಚಿಕ್ಕಪ್ಪ” ಅಂತಲೂ ಅಂದ. ಇನ್ನೇನು ಬೇಕಿತ್ತು ಈ ಮಹಾರಾಯನಿಗೆ? ಆದರೆ ಅಷ್ಟರಲ್ಲಿ ಅವನ ಹಳೇ ಜೊತೆಗಾರ ಸುಬ್ಹಿ, ಉಪವಾಸ ಬಿಟ್ಟ ಮೇಲೆ ರಾತ್ರಿ ಕಾಫಿ ಅಂಗಡಿಯಲ್ಲಿ ಕಿವಿಯೂದಿದ್ದ: ಮುಂದಿನ ತಿಂಗಳಿಂದ ಸರ್ಕಾರ ದಿನಕ್ಕೆ ಎಂಟು ಗಂಟೆ, ಪಕ್ಕಾ, ಒಳಗಿನವರ ಮಾತು. ವಜೀಹನಿಗೆ ಕಾಯೋಕೆ ಒಂದು ಗೌರವದ ನೆಪ ಸಿಕ್ಕಿತು. ಆ ನೆಪದ ಹಿಂದೆ ಕೂತಿದ್ದದ್ದು ಆ ಕಾಫಿ ಬಟ್ಟಲಿನ ನಗು ಅಂತ ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕಾದ.

ಆ ಸಂಜೆ ನಜ್ಲಾ ತನ್ನ ನಾಲ್ಕು ಚಿನ್ನದ ಬಳೆ ಕಳಚಿ ಮೇಜಿನ ಮೇಲಿಟ್ಟಳು. ಊದಿದ ಕೈ, ಸೋಪು ಹಚ್ಚಿ ತೆಗೆದಿದ್ದಳು.

“ನಮ್ಮ ಪಾಲಿಗೆ ಇದು ಸಾಲುತ್ತೆ. ಸಹಿ ಹಾಕಿ ಕೊಟ್ಬಿಡಿ.”

“ಅವಸರ ಮಾಡ್ಬೇಡ ನಜ್ಲಾ. ಮುಂದಿನ ತಿಂಗಳು ಎಂಟು ಗಂಟೆ ಬರುತ್ತೆ. ಎಂಟು ಗಂಟೆ! ಆಮೇಲೆ ಈ ಗಾಜಿನ ಹಲಗೆಗಳನ್ನ ಇಟ್ಕೊಂಡು ಏನ್ಮಾಡೋಣ?”

“ಬಂದ್ರೆ ಬರ್ಲಿ ಬಿಡಿ. ಇದೂ ಇರ್ಲಿ, ಅದೂ ಇರ್ಲಿ.”

“ಎಲ್ಲರೂ ಸರ್ಕಾರದ ತಂತಿ ಬಿಟ್ಟು ತಮ್ಮ ತಮ್ಮ ಛಾವಣಿ ನೋಡ್ಕೊಂಡ್ರೆ ಆ ತಂತಿ ಸತ್ತೇ ಹೋಗುತ್ತೆ. ನಾನು ಜೀವ ತೇದಿದ್ದು ಅದಕ್ಕೆ. ಯಾರಾದ್ರೂ ಒಬ್ಬರು ಕಾಯ್ಬೇಕಲ್ಲ.”

“ಕಾಯ್ತಿರೋದು ನೀವಲ್ಲ ರೀ. ನಾನು. ನೀವು ದಿನಾ ಇಳಿದು ಕಾಫಿ ಕುಡಿದು ಬರ್ತೀರಿ.”

ಅವನು ಬಾಲ್ಕನಿಗೆ ಹೋಗಿ ನಿಂತ. ಬಳೆಗಳು ಹನ್ನೊಂದು ದಿನ ಮೇಜಿನ ಮೇಲೇ ಇದ್ದವು. ಹಬ್ಬಕ್ಕೆ ಎರಡು ದಿನ ಇರುವಾಗ ಲಮ್ಯಾ ಉಪವಾಸದ ಹೊಟ್ಟೆಯಲ್ಲಿ ಐದು ಮಹಡಿ ಹತ್ತಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ಉಸಿರು ತಗೊಂಡು ಮೆಲ್ಲನೆ ಹೇಳಿದಳು.

“ಅಬೂ ಸುಹೇರ್, ನಾನಿರೋದು ಎರಡನೇ ಮಹಡಿ. ನಂಗೆ ಲಿಫ್ಟ್ ಬೇಕಿಲ್ಲ. ನಾನು ಇದನ್ನ ತಲೆಗೆ ಹಚ್ಕೊಂಡು ಓಡಾಡ್ತಿರೋದು ಯಾರಿಗೋಸ್ಕರ ಅಂತ ತಿಳ್ಕೊಂಡಿದೀರಿ?”

ಅಡುಗೆಮನೆಯಲ್ಲಿ ನಜ್ಲಾಳ ವಾಕರ್ ಸದ್ದು ನಿಂತಿತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ವಜೀಹನಿಗೆ ಗೊತ್ತಾಯಿತು. ಆಗಲೂ ಪೆನ್ನಿಗೆ ಕೈ ಹೋಗಲಿಲ್ಲ. “ಹಬ್ಬ ಕಳೀಲಿ” ಅಂದ.

ಹಬ್ಬ ಕಳೀತು. ವ್ಯಾಪಾರಿ ಫಲಕಗಳನ್ನು ಬೇರೆ ಕಡೆಗೆ ಮಾರಿಬಿಟ್ಟ. ನಮ್ಮ ಜನ ಎಂಥವರು ಅಂತ ಹೇಳಬೇಕಾ? ಒಗ್ಗಟ್ಟು ಮುರಿದದ್ದೇ ತಡ, ಮೊದಲು ಛಾವಣಿಗೆ ಓಡಿದವರು ಮೇಷ್ಟ್ರು ರಾತಿಬ್. ದಕ್ಷಿಣದ ಅಂಚು ಪೂರ್ತಿ ಹಿಡಿದುಬಿಟ್ಟರು. ಅವರ ಹಿಂದೆ ಉಳಿದವರು, ಜಗಳ, ಟೇಪು, ಸೀಮೆಸುಣ್ಣದ ಗೆರೆ, “ನಿನ್ನ ಫಲಕದ ನೆರಳು ನನ್ನ ಮೇಲೆ ಬೀಳ್ತಿದೆ ಕಣೋ” ಅಂತ ಕೂಗಾಟ. ಒಂದು ತಿಂಗಳು ವಜೀಹನ ನೆತ್ತಿಯ ಮೇಲೆ ಡ್ರಿಲ್ಲಿಂಗ್ ಮೆಷಿನ್ ಕೊರೆಯಿತು. ಆರು ಮನೆಯ ಕೇಬಲ್ಲುಗಳು ಅವನ ಬಾಲ್ಕನಿಯ ಮುಂದೆ ಜೋತಾಡುತ್ತಾ ಇಳಿದವು. ಅವನ ಪಾಲಿಗೆ ಉಳಿದದ್ದು ನೀರಿನ ಟ್ಯಾಂಕುಗಳ ಹಿಂದೆ, ಬಿಸಿಲೇ ಬೀಳದ ಎರಡು ಮೊಳ ಜಾಗ. ಆರು ಮನೆಯಲ್ಲೂ ಫ್ಯಾನು ತಿರುಗಿತು, ಟೀವಿ ಹಾಡಿತು. ಲಿಫ್ಟು ಯಾರ ಮನೆಯದೂ ಅಲ್ಲ, ಹಾಗಾಗಿ ಅದಕ್ಕೆ ಯಾರೂ ಇರಲಿಲ್ಲ.

ನಜ್ಲಾ ಬಳೆ ಮತ್ತೆ ತೊಟ್ಟುಕೊಂಡಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಜೀಹನಿಗೆ ಜಗಳ ಆಡೋಕಾದರೂ ಆಗುತ್ತಿತ್ತು.

ಬೇಸಿಗೆ ಹೋಯ್ತು. ಎಂಟು ಗಂಟೆ ಬರಲಿಲ್ಲ, ಎರಡು ಗಂಟೆಯೂ ಬರಲಿಲ್ಲ. ಸುಬ್ಹಿಯನ್ನು ಕೇಳಿದರೆ “ಮುಂದಿನ ತಿಂಗಳು” ಅನ್ನುತ್ತಿದ್ದ, ನಾಚಿಕೆಯಿಲ್ಲದೆ. ಶುಕ್ರವಾರಗಳಲ್ಲಿ ಇನ್ಸಾಫ್ ಬರುತ್ತಲೇ ಇದ್ದಳು, ಆದರೆ ದಾರಿಯಲ್ಲಿ ಎರಡು ಕಡೆ ಕೂತು ಬರಬೇಕಾಗುತ್ತಿತ್ತು. ನವೆಂಬರಿನಲ್ಲಿ ಕಾಲು ಬಾತು, ಚಪ್ಪಲಿ ಹಿಡಿಸದೆ, ಬರೋದೂ ನಿಂತಿತು. ಫೋನಿನಲ್ಲಿ ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು.

ಆಗ ನಜ್ಲಾ ಒಂದೇ ಒಂದು ಸಲ ಬಾಯಿಬಿಟ್ಟಳು. “ಅದ್ನಾನನನ್ನ ಕೇಳಿ ನೋಡಿ. ದಿನಕ್ಕೆ ಒಂದು ಗಂಟೆ, ಅವನ ಬಿಸಿಲಿನ ಕರೆಂಟು ಲಿಫ್ಟಿಗೆ ಕೊಡಲಿ. ನಾನು ಬೆಳಿಗ್ಗೆ ಇಳಿದು, ಮಾರನೇ ದಿನ ಹತ್ತಿ ಬರ್ತೀನಿ. ಅಕ್ಕನ ಜೊತೆ ಒಂದು ರಾತ್ರಿ ಇರ್ತೀನಿ.”

“ಅವನ ಬಾಗಿಲಿಗೆ ನಾನಾ? ಅವನಪ್ಪನ ಕೊಕ್ಕೆ ಕಿತ್ತ ಕೈ ಇದು!”

“ಸರಿ” ಅಂದಳು ನಜ್ಲಾ. ಮತ್ತೆ ಕೇಳಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಇನ್ಸಾಫಳ ಪಕ್ಕದ ಮನೆಯವಳು ಫೋನ್ ಮಾಡಿದಳು. ನಜ್ಲಾ ಕೇಳಿಸಿಕೊಂಡು, ಫೋನು ಮಡಿಲಲ್ಲಿಟ್ಟುಕೊಂಡು ಕೂತಳು. ಸುದ್ದಿ ಹೇಗೋ ಮೆಟ್ಟಿಲಿಳಿದು, ಕಾಲು ಗಂಟೆಯಲ್ಲಿ ಮೇಷ್ಟ್ರು ರಾತಿಬ್ ಮೂರು ಜನರನ್ನು ಕರೆದುಕೊಂಡು ಕುರ್ಚಿ ಹಿಡಿದು ಬಂದರು. ಹಿಂದೆ ಲಮ್ಯಾ. ನಜ್ಲಾ ಬೇಡ ಅಂತಾಳೆ ಅಂತ ವಜೀಹ್ ಅಂದುಕೊಂಡಿದ್ದ. ಅವಳು ತಲೆವಸ್ತ್ರಕ್ಕೆ ನಾಲ್ಕು ಪಿನ್ನು ಚುಚ್ಚಿಕೊಂಡು, ಲಂಗವನ್ನು ಕಣಕಾಲಿಗೆ ದಾರದಿಂದ ಕಟ್ಟಿಸಿಕೊಂಡು, “ಎತ್ರಪ್ಪಾ” ಅಂದಳು. ಕತ್ತಲ ಮೆಟ್ಟಿಲಲ್ಲಿ ವಜೀಹ್ ಟಾರ್ಚು ಹಿಡಿದು ಮುಂದೆ ಮುಂದೆ ಇಳಿದ. “ಹುಷಾರು, ತಿರುವಿದೆ, ಹುಷಾರು” ಅನ್ನುತ್ತಿದ್ದ.

ಅವರು ಹೋಗೋ ಹೊತ್ತಿಗೆ ಇನ್ಸಾಫಳ ಮೈ ತೊಳೆದು ಬಿಳಿ ಬಟ್ಟೆ ಸುತ್ತಿ ಆಗಿತ್ತು. ಮುಖ ಮಾತ್ರ ತೆರೆದಿಟ್ಟಿದ್ದರು. ನಜ್ಲಾ ಬಗ್ಗಲಾರದೆ ಇಬ್ಬರು ಹೆಂಗಸರು ಅವಳನ್ನು ಹಿಡಿದು ಬಗ್ಗಿಸಿದರು. ಅಕ್ಕನ ಹಣೆಗೆ ಮುತ್ತಿಟ್ಟಳು. “ಬಂದೆ ಕಣೇ ಅಕ್ಕ” ಅಂದಳು. ಮಧ್ಯಾಹ್ನದ ನಮಾಜಿಗೆ ಗಂಡಸರು ಎತ್ತಿಕೊಂಡು ಹೋದರು.

ಮೂರು ದಿನ ಕಹಿ ಕಾಫಿ, ಬಂದವರ ಸಾಂತ್ವನ. ಮೂರನೇ ಸಂಜೆ ರಾತಿಬ್ ಕುರ್ಚಿಯ ಜೊತೆ ಬಂದರು. ನಜ್ಲಾ ಅಕ್ಕನ ಹಾಸಿಗೆಯ ಮೇಲೆ ಕೂತಿದ್ದಳು.

“ತೊಂದ್ರೆ ತಗೋಬೇಡಿ ಮೇಷ್ಟ್ರೇ. ನಾನು ಇಲ್ಲೇ ಇರ್ತೀನಿ.”

“ಇಲ್ಲೇ ಅಂದ್ರೆ?” ವಜೀಹನ ದನಿ ಏರಿತು. “ಜನ ಏನಂತಾರೆ ನಜ್ಲಾ?”

“ನಾನು ಮೇಲಿದ್ದಾಗ ಜನ ಏನಂದ್ರು?”

ಅಷ್ಟೇ. ಜೋರು ಮಾತಿಲ್ಲ, ಅಳು ಇಲ್ಲ. ಮಾರನೇ ದಿನ ಲಮ್ಯಾ ಬಂದು ಕೆಳಗೆ ನಿಂತು ಕೂಗಿದಳು; ವಜೀಹ್ ಹೆಂಡತಿಯ ಬಟ್ಟೆಬರೆ, ಮಾತ್ರೆ, ಚಪ್ಪಲಿಗಳನ್ನು ಅದೇ ಬುಟ್ಟಿಯಲ್ಲಿ ಮೂರು ಕಂತಿನಲ್ಲಿ ಇಳಿಸಿದ. ಎದುರು ಬಾಲ್ಕನಿಗಳಲ್ಲಿ ಹೆಂಗಸರು ಬಟ್ಟೆ ಒಣಹಾಕೋ ನೆಪದಲ್ಲಿ ನೋಡುತ್ತಿದ್ದರು. ನೋಡಲಿ ಬಿಡಿ, ಅವನು ತಲೆ ಎತ್ತಲಿಲ್ಲ.

ಎರಡು ವಾರ ಒಬ್ಬನೇ ಬ್ರೆಡ್ಡು ಚೀಸು ತಿಂದುಕೊಂಡಿದ್ದ. ಒಂದು ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅದ್ನಾನನ ಗ್ಯಾರೇಜಿಗೆ ನಡೆದ. ಬೈಸಿಕೊಳ್ಳೋಕೆ ಸಿದ್ಧನಾಗಿ ಹೋಗಿದ್ದ. ಅದ್ನಾನ್ ಕುರ್ಚಿಯಿಂದ ಎದ್ದು ನಿಂತ, ತಾನೇ ಕಾಫಿ ಬಗ್ಗಿಸಿ ಕೊಟ್ಟ.

“ಲಿಫ್ಟಿಗೆ ಒಂದು ಲೈನ್ ಬೇಕಿತ್ತು” ಅಂದ ವಜೀಹ್. “ಹಗಲಿಂದು. ಬಿಸಿಲಿನ ಪ್ಲಾನು.”

“ಆಗ್ಲಿ. ಹತ್ತರಿಂದ ಹನ್ನೆರಡು ಸಾಕಾ? ಆ ಹೊತ್ತಿಗೆ ನನ್ನ ಹತ್ರ ಹೆಚ್ಚಾಗಿ ಉಳಿದುಹೋಗುತ್ತೆ.” ಅದ್ನಾನ್ ರಸೀದಿ ಪುಸ್ತಕ ಎಳೆದುಕೊಂಡ. “ಅಲ್ಲ ಅಬೂ ಸುಹೇರ್, ಯಾರ ಕೈಲಾದ್ರೂ ಒಂದು ಮಾತು ಹೇಳಿ ಕಳಿಸಿದ್ರೆ ಸಾಕಿತ್ತು. ಉಮ್ಮ್ ಸುಹೇರ್ ವಿಷಯಕ್ಕೆ ನಾನು ಇಲ್ಲ ಅಂತಿದ್ನಾ? ನಮ್ಮಪ್ಪ ಸಾಯೋ ತನಕ ಹೇಳೋರು, ಈ ಊರಲ್ಲಿ ಲಂಚ ಮುಟ್ಟದ ಲೈನ್‌ಮನ್ ಒಬ್ಬನೇ, ಆ ವಜೀಹ್ ಅಂತ.”

ಅದನ್ನು ಕೇಳಿ ವಜೀಹ್ ಕಾಫಿ ಬಟ್ಟಲು ಕೆಳಗಿಟ್ಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಹಿ ಹಾಕಿ ಎದ್ದ. ಮಧ್ಯಾಹ್ನದೊಳಗೆ ಅದ್ನಾನನ ಕಡೆಯವರು ತಂತಿ ಎಳೆದು ಲಿಫ್ಟಿಗೆ ಜೋಡಿಸಿ ಹೋದರು. ಅರ್ಥಿಂಗ್ ಕೂಡ ಕೊಟ್ಟಿದ್ದರು, ಅವನು ಪರೀಕ್ಷೆ ಮಾಡಿ ನೋಡಿದ.

ಮರುದಿನ ಹತ್ತಕ್ಕೆ ಸರಿಯಾಗಿ ಲಿಫ್ಟಿನಲ್ಲಿ ಇಳಿದು ಇನ್ಸಾಫಳ ಮನೆಗೆ ಹೋದ. ಬಾಗಿಲು ತೆರೆದೇ ಇತ್ತು. ನಜ್ಲಾ ಕಿಟಕಿಯ ಹತ್ತಿರ ಕೂತು ಒಳಗೆ ಅನ್ನ ತುಂಬೋಕೆ ಎಳೆಗುಂಬಳದ ತಿರುಳು ಕೊರೆಯುತ್ತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರಿದ್ದರು. ಇವನನ್ನು ನೋಡಿ ಎದ್ದು ಹೋದರು.

“ಲಿಫ್ಟ್ ಓಡ್ತಿದೆ ನಜ್ಲಾ. ದಿನಾ ಹತ್ತರಿಂದ ಹನ್ನೆರಡು. ನಾನೇ ಅದ್ನಾನನ ಹತ್ರ ಹೋಗಿ ಮಾಡಿಸ್ದೆ. ಬಿಸಿಲಿನ ಕರೆಂಟು, ನಿಲ್ಲೋದಿಲ್ಲ. ನೀನು ಯಾವಾಗ ಬೇಕಾದ್ರೂ ಇಳಿದು ಬರಬಹುದು, ಯಾವಾಗ ಬೇಕಾದ್ರೂ...”

ನಜ್ಲಾ ಕೊರೆಯೋದು ನಿಲ್ಲಿಸಲಿಲ್ಲ. “ಬೈದನಾ ಅವನು?”

“ಇಲ್ಲ. ಕಾಫಿ ಕೊಟ್ಟ.”

“ಎಷ್ಟು ಹೊತ್ತು ಹಿಡೀತು?”

“ಏನು? ಸಹಿಗಾ?” ವಜೀಹ್ ಯೋಚಿಸಿದ. “ಐದು ನಿಮಿಷ.”

ಆಗ ಅವಳ ಕೈ ನಿಂತಿತು. ಅವನ ಮುಖವನ್ನು ನೋಡಿದಳು, ಬಹಳ ದಿನದ ಮೇಲೆ.

“ಐದು ನಿಮಿಷ” ಅಂದಳು. “ಅಕ್ಕ ಒಂಬತ್ತು ತಿಂಗಳು ಕಾದ್ಲು ರೀ.”

ಅವನು ಬಾಗಿಲ ಹತ್ತಿರವೇ ನಿಂತಿದ್ದ. ಕೂತ್ಕೊಳ್ಳಿ ಅಂತ ಅವಳು ಹೇಳಲಿಲ್ಲ. ನಜ್ಲಾ ಇನ್ನೊಂದು ಎಳೆಗುಂಬಳ ಎತ್ತಿಕೊಂಡು ಕೊರೆಯೋಕೆ ಶುರುಮಾಡಿದಳು. “ಹೊರಡಿ ನೀವು” ಅಂದಳು, ಸಿಟ್ಟಿಲ್ಲದೆ. “ಹನ್ನೆರಡಾದ್ರೆ ನಿಂತುಹೋಗುತ್ತೆ. ಅಷ್ಟು ಮೆಟ್ಟಿಲು ಹತ್ತೋಕೆ ಈ ವಯಸ್ಸಲ್ಲಿ ನಿಮ್ಮ ಕೈಲಾಗಲ್ಲ.”